ಇಬ್ಬರೇ ಉಳಿದಾಗ

ಆದೋನಿಯಲ್ಲಿ ಇಸ್ಪೀಟಿನ ಹಾಳೆಗೆ ಮೂರು ಹೆಸರು. ಮನೆಯೊಳಗೆ ಕನ್ನಡ ಮಾತಾಡುವ ನಮಗೆ ಅದು ಎಲೆ. ಬೀದಿಗೆ ಇಳಿದರೆ ತೆಲುಗಿನ ಮುಕ್ಕ. ಕೋಟೆ ಬೆಟ್ಟದ ಕೆಳಗಿನ ಮೊಹಲ್ಲಾಗಳಲ್ಲಿ ಪತ್ತಾ. ಆದರೆ ಎಲೆಯ ಮೇಲಿನ ಚಿತ್ರಗಳ ಹೆಸರು ಮಾತ್ರ ಮೂವರಿಗೂ ಹೆಚ್ಚುಕಡಿಮೆ ಒಂದೇ: ಇಸ್ಪೀಟು, ಆಟೀನು, ಡೈಮನ್, ಕಳಾವರ್. ಈ ಕಳಾವರ್ ಡಚ್ಚರ ಕ್ಲಾವರೆನ್, ಆಟೀನು ಅವರ ಹಾರ್ಟನ್. ಹಡಗಿನಲ್ಲಿ ಬಂದವರು ಮೆಣಸು ಒಯ್ದು ಎಲೆಗಳ ಹೆಸರನ್ನು ಬಿಟ್ಟುಹೋದರು. ಈ ಸಂಚಿಕೆಯ ಮಲಯಾಳಿ ಓದುಗರಿಗೂ ಕ್ಲಾವರ್ ಹೊಸದಲ್ಲ. ಲೆಕ್ಕಕ್ಕಿಲ್ಲದ ಮನುಷ್ಯನನ್ನು ಅವರು ‘ಇಸ್ಪೇಡ್ ಏಳಾಂ ಕೂಲಿ’ ಎನ್ನುತ್ತಾರಂತಲ್ಲ, ಅದನ್ನು ಮೊದಲ ಸಲ ಕೇಳಿದಾಗ ನನಗೆ ಬಹಳ ಹೊತ್ತು ನಗು ಬಂತು. ಇಪ್ಪತ್ತೆಂಟು ಎಂಬ ಅವರ ಆಟದಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು, ಏಳು ಎಲ್ಲಕ್ಕಿಂತ ಕೆಳಗೆ. ಅದು ಇಬ್ಬಿಬ್ಬರು ಜೊತೆಗೂಡಿ ಆಡುವ ಆಟ, ತಪ್ಪಿದರೆ ಬೈಯಲಿಕ್ಕೆ ಎದುರಿಗೆ ಜೊತೆಗಾರನಿರುತ್ತಾನೆ. ನಾನಿಲ್ಲಿ ಬರೆಯಹೊರಟದ್ದು ಜೊತೆಗಾರನಿಲ್ಲದ ಆಟದ ಬಗ್ಗೆ. ಒಬ್ಬನ ಎದುರು ಒಬ್ಬ, ಮಧ್ಯೆ ಹಣ.

ನಮ್ಮ ಊರನ್ನು ಕಾಸರಗೋಡಿನವರಿಗೆ ಪರಿಚಯಿಸುವುದು ಕಷ್ಟವಲ್ಲ. ನೀವು 1956ರ ನವೆಂಬರ್ 1ರಂದು ಆಚೆಗೆ ಹೋದಿರಿ. ನಾವು ಅದಕ್ಕೆ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು. ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯನ್ನು ಹರಿದು ಹಂಚಿದಾಗ ಆದೋನಿ, ಆಲೂರು ತಾಲೂಕುಗಳು ಕರ್ನೂಲಿಗೆ ಸೇರಿದವು, ರಾಯದುರ್ಗ ಅನಂತಪುರಕ್ಕೆ. ಬಳ್ಳಾರಿ ಮೈಸೂರಿನ ಪಾಲಾಯಿತು. ಕೌತಾಳ, ಕೋಸಿಗಿ, ಹೊಳಗುಂದದ ಹಳ್ಳಿಗಳಲ್ಲಿ ಈಗಲೂ ಮನೆಮಾತು ಕನ್ನಡವಾದವರು ಬೇಕಾದಷ್ಟಿದ್ದಾರೆ, ಅರ್ಜಿ ಬರೆಯುವುದು ಮಾತ್ರ ತೆಲುಗಿನಲ್ಲಿ. ಊರಿನ ಬದುಕೆಲ್ಲ ಹತ್ತಿ ಮತ್ತು ಕಡಲೆಕಾಯಿ. ಹತ್ತಿ ಬರುವ ಕಾಲಕ್ಕೆ ಮಾರ್ಕೆಟ್ ಯಾರ್ಡಿನ ಸುತ್ತ ಗಾಡಿ, ಟ್ರ್ಯಾಕ್ಟರುಗಳ ಸಾಲು. ಮಿಕ್ಕ ತಿಂಗಳುಗಳಲ್ಲಿ ದಲಾಲಿ ಅಂಗಡಿಗಳ ಗುಮಾಸ್ತರಿಗೆ ನೊಣ ಹೊಡೆಯುವ ಕೆಲಸ.

ನನ್ನ ದೊಡ್ಡಪ್ಪ ಅಂಥ ಒಬ್ಬ ಗುಮಾಸ್ತ. ಲೆಕ್ಕದಲ್ಲಿ ನಾಲ್ಕಾಣೆ ಆಚೀಚೆಯಾದರೆ ರಾತ್ರಿ ಊಟ ಬಿಡುವಂಥವನು. ಅಂಗಡಿಯ ಅಟ್ಟದ ಮೇಲೆ, ಖಾಲಿ ಗೋಣಿಚೀಲ ಹಾಸಿ, ಮಧ್ಯಾಹ್ನದ ಹೊತ್ತು ಮೂರೆಲೆ ಆಡುತ್ತಿದ್ದರು. ಬಳ್ಳಾರಿ ಕಡೆಯ ನಮಗೆ ಯುಗಾದಿಯ ದಿನ ಎಲೆ ಹಿಡಿಯುವುದು ಪದ್ಧತಿ. ಅಟ್ಟದವರಿಗೆ ಬೇಸಿಗೆಯ ನಾಲ್ಕು ತಿಂಗಳೂ ಯುಗಾದಿಯೇ. ಹುಡುಗನಾಗಿದ್ದ ನನ್ನ ಕೆಲಸ ಚಹಾ ತಂದುಕೊಡುವುದು. ಚಹಾ ಕೊಟ್ಟವನು ಇಳಿದುಹೋಗದೆ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಐದಾರು ಜನ ಕೂತಿರುವಾಗ ದೊಡ್ಡಪ್ಪ ಒಂದು ಬಗೆಯ ಮನುಷ್ಯ: ಸುಮ್ಮನೆ ಪ್ಯಾಕ್ ಮಾಡುತ್ತಿದ್ದ, ಬೀಡಿ ಸೇದುತ್ತಿದ್ದ. ಒಬ್ಬೊಬ್ಬರೇ ಎಲೆ ಇಟ್ಟು ಇಬ್ಬರೇ ಉಳಿದರೆಂದರೆ ಇನ್ನೊಂದು ಬಗೆಯ ಮನುಷ್ಯ. ಬೆನ್ನು ನೆಟ್ಟಗಾಗುತ್ತಿತ್ತು. ಏನೂ ಇಲ್ಲದ ಎಲೆ ಹಿಡಿದು ಎದುರಿನವನನ್ನು ಬೆದರಿಸಿ ಕಳಿಸುವುದನ್ನು ನಾನೇ ಎಷ್ಟೋ ಸಲ ಅವನ ಬೆನ್ನ ಹಿಂದಿನಿಂದ ನೋಡಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬೊಬ್ಬರಿಗೆ ಮೂರು ಎಲೆ. ಎಲೆ ನೋಡದೆ ಕಟ್ಟುವವನು ಬ್ಲೈಂಡ್. ನೋಡಿ ಕಟ್ಟುವುದು ಚಾಲ್, ನೋಡಿದವನು ಎರಡರಷ್ಟು ಹಾಕಬೇಕು. ಮೂರೂ ಒಂದೇ ಬಂದರೆ ಎಲ್ಲಕ್ಕಿಂತ ಮೇಲು. ಆಮೇಲೆ ಒಂದೇ ಬಣ್ಣದ ಸಾಲು, ಬರೀ ಸಾಲು, ಬರೀ ಬಣ್ಣ, ಜೋಡಿ, ಇವೇನೂ ಇಲ್ಲದಿದ್ದರೆ ದೊಡ್ಡ ಎಲೆ ಯಾರದ್ದೋ ಅವರದು. ‘ಶೋ’ ಕೇಳುವ ಹಕ್ಕು ಹುಟ್ಟುವುದು ಇಬ್ಬರೇ ಉಳಿದಾಗ ಮಾತ್ರ. ಐವರಿರುವಾಗ ಅದು ಒಂದು ಆಟ, ಇಬ್ಬರಾದ ಕ್ಷಣದಿಂದ ಬೇರೊಂದು ಆಟ ಎಂಬುದನ್ನು ನಿಯಮ ಮಾಡಿದವರೇ ಒಪ್ಪಿಕೊಂಡಂತಾಯಿತು.

ಮುಂದೆ ಬಿ.ಎ. ಮುಗಿಸಿ ಬ್ಯಾಂಕಿನ ಕೌಂಟರಿನ ಹಿಂದೆ ಕೂತ ಮೇಲೆ, ಒಂದು ಮಳೆಗಾಲದ ಸಂಜೆ ಕಾಗದ ತೆಗೆದುಕೊಂಡು ಈ ಮೂರೆಲೆಯ ಲೆಕ್ಕ ಹಾಕಿದೆ. ಐವತ್ತೆರಡು ಎಲೆಗಳಲ್ಲಿ ಮೂರು ಮೂರರ ಕೈಗಳು ಒಟ್ಟು 22,100. ಅದರಲ್ಲಿ ಮೂರೂ ಒಂದೇ ಆದದ್ದು 52, ಒಂದೇ ಬಣ್ಣದ ಸಾಲು 48, ಬರೀ ಸಾಲು 720, ಬಣ್ಣ 1,096, ಜೋಡಿ 3,744. ಉಳಿದ 16,440 ಕೈಗಳಲ್ಲಿ ಏನೂ ಇಲ್ಲ. ಎಂದರೆ ನಾಲ್ಕರಲ್ಲಿ ಮೂರು ಸಲ ಮನುಷ್ಯನ ಕೈಗೆ ಬರುವುದು ಬೋಳು ಎಲೆ. ಇಬ್ಬರೂ ಬೋಳಾಗಿರುವುದು ನೂರಕ್ಕೆ ಸುಮಾರು 55 ಸಲ. ಇಬ್ಬರ ಆಟದ ಬಗ್ಗೆ ನಾನು ಕಂಡ ಅತಿ ಮುಖ್ಯವಾದ ಸಂಗತಿ ಇದೇ: ಅರ್ಧಕ್ಕಿಂತ ಹೆಚ್ಚು ಸಲ ಇಬ್ಬರ ಹತ್ತಿರವೂ ಏನೂ ಇರುವುದಿಲ್ಲ, ಆದರೂ ಹಣ ಒಬ್ಬನಿಗೆ ಹೋಗಲೇಬೇಕು.

ಇನ್ನೂ ಸ್ವಲ್ಪ ಮುಂದೆ ಹೋದೆ. ಎಕ್ಕ ಇರುವ ಬೋಳು ಕೈಗಳು 3,840. ಜೋಡಿ ಮತ್ತು ಮೇಲಿನವನ್ನು ಸೇರಿಸಿದರೆ 9,500, ಅಂದರೆ ನೂರಕ್ಕೆ 43. ರಾಜನ ಬೋಳು ಕೈಗಳನ್ನೂ ಸೇರಿಸಿದರೆ ನೂರಕ್ಕೆ 57 ದಾಟುತ್ತದೆ. ಹಾಗಾದರೆ ಎಲ್ಲ ಕೈಗಳನ್ನೂ ಸಾಲಾಗಿ ನಿಲ್ಲಿಸಿದರೆ ಸರೀ ನಡುವೆ ನಿಲ್ಲುವವನು ರಾಜ. ಎಲೆಯನ್ನೇ ನೋಡದ ಬ್ಲೈಂಡಿನವನ ಎದುರು ನನ್ನ ಕೈಯಲ್ಲಿ ಒಂದು ಎಕ್ಕವಿದ್ದರೆ, ಬೇರೇನೂ ಇಲ್ಲದಿದ್ದರೂ, ಗೆಲ್ಲುವ ಸಂಭವವೇ ಹೆಚ್ಚು. ಅದೇ ಎಕ್ಕ ಆರು ಜನರ ನಡುವೆ, ಐವರೂ ತನಗಿಂತ ಕೆಳಗಿರಲಿ ಎಂದು ಕಾಯಬೇಕು. ಜೊತೆಗಿರುವುದು ತೀರ ಸಣ್ಣ ಎಲೆಗಳಾದರೆ ಅದು ಆಗುವುದು ನೂರಕ್ಕೆ ಸುಮಾರು ಆರು ಸಲ. ದೊಡ್ಡಪ್ಪ ಗುಂಪಿನಲ್ಲಿ ಎಕ್ಕವನ್ನು ಎಸೆದು, ಇಬ್ಬರಿದ್ದಾಗ ಅದನ್ನೇ ಹಿಡಿದು ಗುದ್ದಾಡುತ್ತಿದ್ದ. ಈ ಲೆಕ್ಕವನ್ನು ಅವನು ಯಾವತ್ತೂ ಬರೆದದ್ದಿಲ್ಲ. ಅವನಿಗೆ ಅದು ದನದ ಸಂತೆಯಿಂದ ಬಂದಿತ್ತೆಂದು ನನ್ನ ಊಹೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುವಲ್ಲಿಯೂ ಇಬ್ಬರೇ ಇರುವುದು. ಸುತ್ತ ನೂರು ಜನ ನಿಂತಿದ್ದರೂ ಅವರು ಆ ವ್ಯಾಪಾರದಲ್ಲಿಲ್ಲ.

ಕೋರ್ಟು ಈ ಆಟಕ್ಕೆ ಅಷ್ಟು ಮರ್ಯಾದೆ ಕೊಡಲಿಲ್ಲ. ಸಿಕಂದರಾಬಾದಿನ ಒಂದು ಕ್ಲಬ್ಬಿನಲ್ಲಿ ರಮ್ಮಿ ಆಡುತ್ತಿದ್ದವರನ್ನು ಹಿಡಿದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1967ರಲ್ಲಿ ತೀರ್ಪಾಯಿತು. ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ಎಂಬ ಆ ಪ್ರಕರಣವನ್ನು ಇವತ್ತಿಗೂ ಜೂಜಿನ ಎಲ್ಲ ವಕೀಲರೂ ಹಿಡಿದುಕೊಂಡು ಬರುತ್ತಾರೆ. ಬಿದ್ದ ಎಲೆಗಳನ್ನು ನೆನಪಿಟ್ಟು, ಕಟ್ಟುವುದನ್ನೂ ಬಿಡುವುದನ್ನೂ ತೂಗಿ ನೋಡಬೇಕಾದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆ ಹಾಗಲ್ಲ, ಅದು ಬರೀ ಅದೃಷ್ಟ ಎಂದು ನ್ಯಾಯಮೂರ್ತಿಗಳು ಬೇರ್ಪಡಿಸಿದರು. ಆರು ಜನ ಬ್ಲೈಂಡ್ ಆಡುವುದನ್ನು ನೋಡಿದವರಿಗೆ ಆ ಮಾತು ಸರಿಯೇ. ಇಬ್ಬರೇ ಉಳಿದ ಆ ಐದು ನಿಮಿಷಗಳ ಬಗ್ಗೆ ಮಾತ್ರ ನನಗೆ ಕೋರ್ಟಿನ ಮೇಲೆ ಸಣ್ಣದೊಂದು ತಕರಾರಿದೆ. ಬರೀ ಗುಮಾಸ್ತನ ತಕರಾರು, ಮೇಲ್ಮನವಿಗೆ ಹೋಗುವಂಥದ್ದಲ್ಲ.

ನಮ್ಮ ಪುರಾಣದಲ್ಲಿ ಜೂಜೆಂದರೆ ಎಲ್ಲರಿಗೂ ನೆನಪಾಗುವುದು ಧರ್ಮರಾಯ. ಅಲ್ಲಿ ಆಡಿದ್ದು ದುರ್ಯೋಧನನ ಪರವಾಗಿ ಶಕುನಿ, ಸುತ್ತ ಸಭೆಯೇ ನೆರೆದಿತ್ತು. ನಿಜವಾದ ಇಬ್ಬರ ಆಟ ನಳನದು. ಎದುರಿಗೆ ಕೂತವನು ಸ್ವಂತ ತಮ್ಮ ಪುಷ್ಕರ. ಈ ಕತೆಯನ್ನು ಕನ್ನಡದಲ್ಲಿ ಕನಕದಾಸರು ನಳಚರಿತ್ರೆಯಾಗಿ ಬರೆದರು, ಮಲಯಾಳದಲ್ಲಿ ಉಣ್ಣಾಯಿ ವಾರಿಯರ್ ನಾಲ್ಕು ದಿನಗಳ ಆಟ್ಟಕಥೆಯಾಗಿ ಬರೆದರು. ಎರಡು ಭಾಷೆಗಳ ಈ ವಾರ್ಷಿಕಕ್ಕೆ ಇದಕ್ಕಿಂತ ಹೊಂದುವ ಕತೆ ಬೇರೆ ಸಿಗಲಾರದು. ನಳ ಸೋತದ್ದು ಹೇಗೆ ಎಂಬುದು ಎಲ್ಲರಿಗೂ ಗೊತ್ತು: ಕಲಿ ಹೊಕ್ಕ. ಗೆದ್ದದ್ದು ಹೇಗೆ ಎಂಬುದನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ಋತುಪರ್ಣ ರಾಜ ರಥದಲ್ಲಿ ಹೋಗುತ್ತ ಒಂದು ತಾರೆಮರ ನೋಡಿ, ಇದರಲ್ಲಿ ಇಷ್ಟು ಎಲೆ ಇಷ್ಟು ಕಾಯಿ ಎನ್ನುತ್ತಾನೆ. ನಳ ನಂಬುವುದಿಲ್ಲ. ರಥ ನಿಲ್ಲಿಸಿ ಎಣಿಸುತ್ತಾನೆ, ಸರಿಯಿರುತ್ತದೆ. ಆಮೇಲೆ ಕುದುರೆ ಓಡಿಸುವ ವಿದ್ಯೆ ಕೊಟ್ಟು ಅಕ್ಷಹೃದಯ ಕಲಿಯುತ್ತಾನೆ. ಕಲಿ ಅವನ ಮೈ ಬಿಡುವುದು ಆಗ. ಎಣಿಕೆ ಬಂದ ಮೇಲೆಯೇ ಭೂತ ಬಿಟ್ಟದ್ದು ಎಂಬುದನ್ನು ಗಮನಿಸಬೇಕು. ಮಂತ್ರ ಹಾಕಿ ಯಾರೂ ಬಿಡಿಸಲಿಲ್ಲ.

ಇಷ್ಟೆಲ್ಲ ನಾನು ಯೋಚಿಸಬೇಕಾಗಿ ಬಂದದ್ದು ಅಕ್ಕನ ಮಗನಿಂದ.

ಓದಿದ ಹುಡುಗ, ಕೆಲಸಕ್ಕೆಂದು ಹುಡುಕುತ್ತಿದ್ದವನು, ಫೋನಿನಲ್ಲಿ ಪೋಕರ್ ಹಚ್ಚಿಕೊಂಡ. ಅದೂ ಇಬ್ಬರ ಪೋಕರ್. ಆಂಧ್ರದಲ್ಲಿ 1974ರ ಜೂಜು ಕಾಯ್ದೆಯನ್ನು 2020ರ ಸೆಪ್ಟೆಂಬರಿನಲ್ಲಿ ತಿದ್ದಿ, ಫೋನಿನ ರಮ್ಮಿ, ಪೋಕರ್ ಎಲ್ಲವನ್ನೂ ನಿಷೇಧಿಸಿದ್ದರು. ಕೌಶಲ, ಅದೃಷ್ಟ ಎಂಬ ಭೇದವನ್ನೇ ತೆಗೆದುಬಿಟ್ಟರು. ಕರ್ನಾಟಕವೂ 2021ರಲ್ಲಿ ಅಂಥದೇ ತಿದ್ದುಪಡಿ ತಂದಿತು. ಅದನ್ನು 2022ರ ಫೆಬ್ರವರಿಯಲ್ಲಿ ಅಲ್ಲಿಯ ಹೈಕೋರ್ಟು ಹೊಡೆದುಹಾಕಿತು. ಪರಿಣಾಮ ಏನಾಯಿತೆಂದರೆ, ಆದೋನಿಯಲ್ಲಿ ಕೂತರೆ ಆಟ ತೆರೆಯದು, ಗಡಿ ದಾಟಿದರೆ ತೆರೆಯುತ್ತದೆ. ಫೋನಿಗೆ ತಾನೆಲ್ಲಿದ್ದೇನೆಂಬುದು ಗೊತ್ತಾಗುತ್ತದೆ. ನಮ್ಮ ಹುಡುಗ ಬೈಕು ಹತ್ತಿ ಹೊಳಗುಂದದ ಆಚೆ, ಸಿರುಗುಪ್ಪದ ರಸ್ತೆಯಲ್ಲಿ ಕರ್ನಾಟಕದ ಮೊದಲ ಚಹಾ ಅಂಗಡಿಯಲ್ಲಿ ಹೋಗಿ ಕೂರುತ್ತಿದ್ದ. 1953ರಲ್ಲಿ ಎಳೆದ ಗೆರೆ ಎಲ್ಲಿದೆ ಎಂಬುದು ಹಳ್ಳಿಯವರಿಗೆ ಹೊಲದ ಬದುವಿನಷ್ಟೇ ಮಸುಕು. ಫೋನಿಗೆ ಮಾತ್ರ ಗಜ ಗಜವೂ ಸ್ಪಷ್ಟ. ಗಡಿನಾಡ ಕನ್ನಡಿಗರು ಕರ್ನಾಟಕಕ್ಕೆ ಯಾತಕ್ಕೆಲ್ಲ ಹೋಗುತ್ತಾರೆ ಎಂಬ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಬೇಕು.

2023ರ ಕೊನೆಗೆ ಅಕ್ಕ ನನ್ನ ಮನೆಗೆ ಬಂದು ಸೆರಗು ಬಾಯಿಗೆ ಹಿಡಿದು ಕೂತಳು. ಅವಳ ನಾಲ್ಕು ಬಳೆ ಅಡವಿಗೆ ಹೋಗಿದ್ದವು. ನಾನು ಹುಡುಗನನ್ನು ಕರೆಸಿದೆ. ಬೈಯಲಿಲ್ಲ. ಬೈಗುಳ ಅವನಿಗೆ ಮನೆಯಲ್ಲಿ ಹೊಟ್ಟೆತುಂಬ ಸಿಕ್ಕಿತ್ತು.

“ಮಾಮ, ಇದು ಲಾಟರಿ ಅಲ್ಲ, ಬುದ್ಧಿ ಆಟ. ದೊಡ್ಡ ಟೇಬಲ್ಲಿಗೆ ನಾನು ಹೋಗಂಗಿಲ್ಲ. ಒಬ್ಬನ ಎದುರು ಒಬ್ಬ ಕುಂತ್ರೆ ಆಟ ನನ್ನ ಕೈಯಾಗೇ ಇರ್ತೈತೆ,” ಎಂದ.

“ಹಂಗಾದ್ರೆ ಬ್ಯಾಂಕಿನ ಸ್ಟೇಟ್‌ಮೆಂಟ್ ತಗಂಬಾರಪ್ಪ,” ಎಂದೆ.

ಹನ್ನೊಂದು ತಿಂಗಳ ಸ್ಟೇಟ್‌ಮೆಂಟ್. ಅದರ ಮೇಲೆ ಕೆಂಪು ಪೆನ್ನಿನಲ್ಲಿ ಹೋದದ್ದನ್ನೂ ನೀಲಿಯಲ್ಲಿ ಬಂದದ್ದನ್ನೂ ಗುರುತು ಮಾಡುತ್ತ ಹೋದೆವು. ಇದು ನನಗೆ ಬರುವ ಒಂದೇ ಕೆಲಸ, ದಿನಾ ಮಾಡುವುದೇ. ಹೋದದ್ದು 214 ಸಲ, ಒಟ್ಟು 3,12,500. ಬಂದದ್ದು 37 ಸಲ, ಒಟ್ಟು 1,74,000. ಹುಡುಗನಿಗೆ ಆ 37ರ ಒಂದೊಂದು ದಿನವೂ ನೆನಪಿತ್ತು: ಇದು ದಸರಾದ ದಿನ, ಇದು ಮಳೆ ಬಂದ ರಾತ್ರಿ. 214ರಲ್ಲಿ ಐದನ್ನೂ ಹೇಳಲಾರದೆ ಹೋದ. ಕಳೆದದ್ದು 1,38,500 ಎಂದು ಕೆಳಗೆ ಗೆರೆ ಎಳೆದು ಬರೆದಾಗ ಅದನ್ನು ಮತ್ತೊಮ್ಮೆ ಕೂಡಿಸಿ ನೋಡಿದ.

ಆದರೂ ಅವನ ಮಾತಿನಲ್ಲಿ ಒಂದು ಸತ್ಯವಿತ್ತು. ಅದನ್ನು ಒಪ್ಪದೆ ಮುಂದೆ ಹೋಗುವಂತಿರಲಿಲ್ಲ. ಇಬ್ಬರ ಪೋಕರ್ ನಿಜವಾಗಿಯೂ ಬುದ್ಧಿಯ ಆಟ. ಪ್ರತಿಯೊಬ್ಬನ ಕೈಯಲ್ಲಿ ಎರಡು ಗುಪ್ತ ಎಲೆ, ನಡುವೆ ಎಲ್ಲರಿಗೂ ಕಾಣುವ ಐದು. ಮೊದಲ ಮೂರು ಬಿಚ್ಚಿದಾಗ, ಜೋಡಿಯಿಲ್ಲದ ಎರಡೆಲೆಯವನಿಗೆ ಜೋಡಿಯೋ ಮೇಲೋ ಕೂಡುವುದು ಮೂರರಲ್ಲಿ ಒಂದು ಸಲ. ಇಲ್ಲಿಯೂ ಅದೇ ಬೋಳು ಎಲೆಗಳ ಕತೆ. ಹಂಚುವವನ ಗುರುತು ಯಾರ ಮುಂದಿದೆಯೋ ಅವನು ಮೊದಲ ಸುತ್ತಿನಲ್ಲಿ ಮೊದಲು ಮಾತಾಡಬೇಕು, ಮುಂದಿನ ಸುತ್ತುಗಳಲ್ಲೆಲ್ಲ ಕೊನೆಗೆ. ಕೊನೆಗೆ ಮಾತಾಡುವವನು ಎದುರಿನವನು ಏನು ಮಾಡಿದನೆಂದು ನೋಡಿ ಆಡುತ್ತಾನೆ. ಆ ಲಾಭ ಎಷ್ಟು ದೊಡ್ಡದೆಂದರೆ, ಒಳ್ಳೆಯ ಆಟಗಾರರು ಆ ಜಾಗದಲ್ಲಿ ಕೂತಾಗ ಬಹುಪಾಲು ಎಲ್ಲ ಎಲೆಗಳನ್ನೂ ಆಡುತ್ತಾರೆ, ಎದುರು ಜಾಗದಲ್ಲಿ ಕೂತಾಗ ಬಿಗಿ ಹಿಡಿಯುತ್ತಾರೆ. ಇದೆಲ್ಲ ಹುಡುಗನಿಗೆ ಬಾಯಿಪಾಠವಾಗಿತ್ತು. ಎಲ್ಲಿಯವರೆಗೆ ಸುಳ್ಳು ಹೇಳಬಹುದು ಎಂಬ ಲೆಕ್ಕ ಮಾತ್ರ ಬರುತ್ತಿರಲಿಲ್ಲ. ‘ಮನಸ್ಸಿಗೆ ಹೊಳೀತೈತೆ ಮಾಮ’ ಎನ್ನುತ್ತಿದ್ದ.

ನಾನು ಕಟ್ಟಿನಿಂದ ಮೂರೇ ಎಲೆ ತೆಗೆದೆ: ರಾಜ, ರಾಣಿ, ಗುಲಾಮ. ಹೆರಾಲ್ಡ್ ಕೂನ್ ಎಂಬ ಅಮೆರಿಕದ ಗಣಿತಜ್ಞ 1950ರಲ್ಲಿ ಈ ಪುಟ್ಟ ಆಟದ ಲೆಕ್ಕವನ್ನು ಪೂರ್ತಿ ಬಿಡಿಸಿಟ್ಟಿದ್ದಾನೆ. ಹಣದ ಬದಲು ಹತ್ತಿಬೀಜ ಇಟ್ಟುಕೊಂಡೆವು, ನಮ್ಮೂರಲ್ಲಿ ಅದಕ್ಕೇನು ಬರ. ಇಬ್ಬರೂ ಒಂದೊಂದು ಬೀಜ ನಡುವೆ ಹಾಕುವುದು, ಒಂದೊಂದು ಎಲೆ ತೆಗೆದುಕೊಳ್ಳುವುದು, ಮೂರನೆಯದು ಬೋರಲು. ಮೊದಲಿನವನು ಇನ್ನೊಂದು ಬೀಜ ಕಟ್ಟಬಹುದು, ಅಥವಾ ಸುಮ್ಮನಿರಬಹುದು. ಕಟ್ಟಿದರೆ ಎರಡನೆಯವನು ಹಿಡಿಯಬೇಕು, ಇಲ್ಲವೇ ಎಲೆ ಎಸೆಯಬೇಕು. ಸುಮ್ಮನಿದ್ದರೆ ಎರಡನೆಯವನು ತಾನು ಕಟ್ಟಬಹುದು, ಅಥವಾ ಎಲೆ ತೋರಿಸೋಣ ಎನ್ನಬಹುದು. ಇಷ್ಟೇ ಆಟ. ಪೋಕರಿನ ಪೂರ್ತಿ ವಿಷ ಈ ಮೂರು ಎಲೆಗಳಲ್ಲಿದೆ.

ರಾಣಿ ಹಿಡಿದವನು ಕಟ್ಟಬಾರದು. ಎದುರು ಗುಲಾಮನಿದ್ದರೆ ಓಡಿಹೋಗುತ್ತಾನೆ, ಹೆಚ್ಚಿಗೆ ಏನೂ ಬರುವುದಿಲ್ಲ. ರಾಜನಿದ್ದರೆ ಹಿಡಿಯುತ್ತಾನೆ, ಒಂದು ಹೆಚ್ಚು ಹೋಗುತ್ತದೆ. ಇದು ಹುಡುಗನಿಗೆ ಕೂಡಲೇ ತಿಳಿಯಿತು. ಗುಲಾಮ ಬಂದಾಗ ಏನು ಮಾಡಬೇಕೆಂಬುದೇ ಕಷ್ಟ. ಎರಡನೆಯವನು ಗುಲಾಮ ಬಂದಾಗ ಎಂದೂ ಬ್ಲಫ್ ಮಾಡುವುದಿಲ್ಲವೆಂದುಕೊಳ್ಳಿ. ಆಗ ಅವನು ಕಟ್ಟಿದನೆಂದರೆ ರಾಜನೇ ಎಂದು ಎದುರಿನವನಿಗೆ ಗೊತ್ತು. ರಾಣಿ ಎಸೆಯುತ್ತಾನೆ, ರಾಜನಿಂದ ಏನೂ ಹುಟ್ಟುವುದಿಲ್ಲ. ಯಾವಾಗಲೂ ಬ್ಲಫ್ ಮಾಡಿದರೆ? ಕಟ್ಟಿದ್ದರಲ್ಲಿ ಅರ್ಧ ಸುಳ್ಳು. ಎದುರಿನವನು ಪ್ರತಿ ಸಲ ರಾಣಿ ಹಿಡಿದು ನಿಂತು ಸುಲಿಯುತ್ತಾನೆ. ಸರಿಯಾದ ಅಳತೆ ಮೂರರಲ್ಲಿ ಒಂದು. ಮೂರು ಸಲ ಗುಲಾಮ ಬಂದರೆ ಒಂದು ಸಲ ಕಟ್ಟಬೇಕು. ಆಗ ಕಟ್ಟಿದ ನಾಲ್ಕರಲ್ಲಿ ಮೂರು ರಾಜ, ಒಂದು ಗುಲಾಮ. ರಾಣಿಯವನು ಒಂದು ಬೀಜ ಕೊಟ್ಟು ಮೂರು ಬೀಜಕ್ಕೆ ಆಸೆಪಡುತ್ತಾನೆ, ನಾಲ್ಕರಲ್ಲಿ ಒಂದು ಸಲ ಗೆಲ್ಲುತ್ತಾನೆ. ಹಿಡಿದರೂ ಅಷ್ಟೇ, ಎಸೆದರೂ ಅಷ್ಟೇ. ಅವನು ಏನು ಮಾಡಿದರೂ ನನಗೆ ನಷ್ಟವಿಲ್ಲದ ಜಾಗ ಅದು.

“ಯಾವ ಒಂದು ಸಲ ಮಾಮ? ಮೂರನೇ ಸಲವಾ?”

ಅಲ್ಲಿಯೇ ಇರುವುದು. ಲೆಕ್ಕ ಹಾಕಿ ಮೂರನೆಯ ಸಲ ಎಂದಿಟ್ಟುಕೊಂಡರೆ ಎದುರಿನವನೂ ಎಣಿಸುತ್ತಾನೆ. ಮನಸ್ಸಿಗೆ ಬಿಟ್ಟರೆ, ಮನಸ್ಸು ಸೋತಾಗ ಹೆಚ್ಚು ಸುಳ್ಳು ಹೇಳುತ್ತದೆ, ಗೆದ್ದಾಗ ಕಡಿಮೆ. ಆದ್ದರಿಂದ ತೀರ್ಮಾನವನ್ನು ಮನಸ್ಸಿನಿಂದ ಹೊರಗೆ ಇಡಬೇಕು. ಕೆಲವರು ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತಾರೆ: ಇಪ್ಪತ್ತರೊಳಗೆ ಇದ್ದರೆ ಬ್ಲಫ್. ನಾನು ಜೇಬಿನಿಂದ ಹತ್ತು ರೂಪಾಯಿ ನೋಟುಗಳ ಒಂದು ಸಣ್ಣ ಕಟ್ಟು ತೆಗೆದು ಮಂಡಿಯ ಕೆಳಗೆ ಇಟ್ಟುಕೊಂಡೆ. ಗುಲಾಮ ಬಂದಾಗ ಮೇಲಿನ ನೋಟಿನ ನಂಬರಿನ ಕೊನೆಯ ಅಂಕಿ ಒಂದು, ಎರಡು, ಮೂರು ಆದರೆ ಬ್ಲಫ್, ನಾಲ್ಕರಿಂದ ಒಂಬತ್ತಾದರೆ ಇಲ್ಲ, ಸೊನ್ನೆಯಾದರೆ ಇನ್ನೊಂದು ನೋಟು. ಕೈದಾಟಿ ಮಾಸಿದ ನೋಟುಗಳಾಗಿರಬೇಕು. ಹೊಸ ಕಟ್ಟಿನಲ್ಲಿ ನಂಬರು ಸಾಲಾಗಿ ಬರುತ್ತವೆ, ಅದು ಕೆಲಸಕ್ಕೆ ಬಾರದು.

ಎರಡು ಭಾನುವಾರ ಸೇರಿ 180 ಕೈ ಆಡಿದೆವು. ಕೂನ್‌ನ ಲೆಕ್ಕದಂತೆ, ಇಬ್ಬರೂ ಸರಿಯಾಗಿ ಆಡಿದರೆ ಮೊದಲು ಮಾತಾಡುವವನು 18 ಕೈಗೆ ಒಂದು ಬೀಜ ಕಳೆದುಕೊಳ್ಳುತ್ತಾನೆ. ಮೊದಲು ಬಾಯಿ ಬಿಟ್ಟದ್ದಕ್ಕೆ ದಂಡ. ಅವನೇ ಮೊದಲಿರುತ್ತೇನೆಂದ, ಹತ್ತು ಬೀಜ ಹೋಗಬೇಕಿತ್ತು. ಹೋದದ್ದು 31. ನನ್ನ ಮುಖ ನೋಡಿ ಆಡಲು ಬಹಳ ಪ್ರಯತ್ನಪಟ್ಟ. ನನ್ನ ಮುಖದಲ್ಲೇನೂ ಇರಲಿಲ್ಲ, ಇದ್ದದ್ದು ನೋಟಿನ ನಂಬರಿನಲ್ಲಿ. ಕೊನೆಗೆ ಸಿಟ್ಟಿನಿಂದ, “ಮಾಮ, ನಾನು ನಿಮ್ಮ ಜೊತಿ ಆಡ್ತಿಲ್ಲ, ರಿಸರ್ವ್ ಬ್ಯಾಂಕಿನ ಜೊತಿ ಆಡ್ತಿದೀನಿ” ಎಂದ. ಆ ವರ್ಷದಲ್ಲಿ ಅವನಾಡಿದ ಮಾತುಗಳಲ್ಲೆಲ್ಲ ಅದೇ ಸರಿಯಾದದ್ದು.

ಏಕೆಂದರೆ ಫೋನಿನ ಆಚೆ ಕೂತವನು ಯಾರು ಎಂಬ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ, ಪಣಕ್ಕೆ ಮಿತಿಯಿರುವ ಇಬ್ಬರ ಹೋಲ್ಡೆಮ್ ಪೋಕರನ್ನು ಕಂಪ್ಯೂಟರಿನಿಂದ ಬಿಡಿಸಿದೆವೆಂದು ಪ್ರಕಟಿಸಿದರು. ಜನ್ಮವಿಡೀ ಕೂತು ಆಡಿದರೂ ಅದನ್ನು ಸೋಲಿಸಿದೆವೆಂದು ಖಚಿತವಾಗಿ ಹೇಳಲಾಗದಷ್ಟು ಹತ್ತಿರಕ್ಕೆ ಅದು ಹೋಗಿದೆ. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗಿನಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಯಂತ್ರ ಪಣಕ್ಕೆ ಮಿತಿಯಿಲ್ಲದ ಇಬ್ಬರ ಪೋಕರಿನಲ್ಲಿ ನಾಲ್ವರು ಪರಿಣತರ ಎದುರು 1,20,000 ಕೈ ಆಡಿ ನಾಲ್ವರನ್ನೂ ಸೋಲಿಸಿತು. ಈ ಯಂತ್ರಗಳು ಮುಖ ನೋಡುವುದಿಲ್ಲ. ಪ್ರಪಂಚದಲ್ಲಿ ಯಂತ್ರ ಮೊದಲು ಗೆದ್ದ ಪೋಕರ್ ಗುಂಪಿನದಲ್ಲ, ಇಬ್ಬರದು. ಹುಡುಗ ತನ್ನ ಕೈಯಲ್ಲಿದೆ ಎಂದು ನಂಬಿಕೊಂಡಿದ್ದದ್ದೂ ಅದೇ ಆಟ. ಚಹಾ ಅಂಗಡಿಯ ಬೆಂಚಿನ ಮೇಲಿಂದ ಅವನು ಎದುರಿಸಿದ ಹೆಸರಿಲ್ಲದ ಚಿತ್ರಗಳಲ್ಲಿ ಮನುಷ್ಯರೆಷ್ಟು, ಯಂತ್ರ ಬಗಲಲ್ಲಿಟ್ಟುಕೊಂಡವರೆಷ್ಟು, ಯಾರು ಹೇಳಬೇಕು?

ಇನ್ನು ಮನೆಯವನ ಪಾಲು. ಅಟ್ಟದ ಮೇಲೆ ಆಡುವಾಗ ದೊಡ್ಡಪ್ಪನವರು ಚಹಾದ ಕಾಸು ಮಾತ್ರ ನಡುವಿನಿಂದ ತೆಗೆಯುತ್ತಿದ್ದರು. ಅದು ನನ್ನ ಕೈಗೇ ಬರುತ್ತಿತ್ತು. ಫೋನಿನಲ್ಲಿ ಪ್ರತಿ ಕೈಗೂ ಪಾಲು ಹೋಗುತ್ತದೆ. ಸರಿಸಮಾನರಾದ ಇಬ್ಬರು ತಲಾ ಸಾವಿರ ರೂಪಾಯಿ ತಂದರೆನ್ನಿ. ಪ್ರತಿ ಕೈಗೆ ನಡುವೆ ನೂರು ಸೇರುತ್ತದೆ, ಮನೆಗೆ ನೂರಕ್ಕೆ ಐದು ಎಂದಿಟ್ಟುಕೊಳ್ಳೋಣ. 400 ಕೈ ಆಗುವಷ್ಟರಲ್ಲಿ ಇಬ್ಬರ ಎರಡು ಸಾವಿರವೂ ಮನೆಗೆ ಸೇರಿರುತ್ತದೆ, ಇವನೂ ಸೋತಿಲ್ಲ ಅವನೂ ಗೆದ್ದಿಲ್ಲ. ಆರು ಜನರ ಮೇಜಿನಲ್ಲಿ ಒಬ್ಬನು ಹೆಚ್ಚಿನ ಕೈಗಳನ್ನು ಎಸೆದು ಸುಮ್ಮನಿರಬಹುದು. ಇಬ್ಬರಿದ್ದಾಗ ಎಸೆಯುತ್ತ ಕೂತರೆ ಪಣ ಕರಗುತ್ತದೆ, ಆದ್ದರಿಂದ ಬಹುಪಾಲು ಎಲ್ಲ ಕೈಗಳನ್ನೂ ಆಡಲೇಬೇಕು, ಪಾಲು ಕೊಡುತ್ತಲೇ ಇರಬೇಕು. ಸಾಲದ್ದಕ್ಕೆ 2023ರ ಅಕ್ಟೋಬರ್ 1ರಿಂದ ಕಟ್ಟಿದ ಹಣದ ಮೇಲೆ ನೂರಕ್ಕೆ 28ರ ಜಿ.ಎಸ್.ಟಿ. ಬೇರೆ ಬಂತು. ಅದೇ ವರ್ಷ ಏಪ್ರಿಲಿನಿಂದ ನಿವ್ವಳ ಗೆಲುವಿನಲ್ಲಿ ನೂರಕ್ಕೆ 30 ಮೂಲದಲ್ಲೇ ಮುರಿದುಕೊಳ್ಳುತ್ತಿದ್ದರು. ಈ 400ರ ಲೆಕ್ಕವನ್ನು ಹುಡುಗ ಮೂರು ಸಲ ಮಾಡಿಸಿದ. ಮೂರನೆಯ ಸಲ ತಾನೇ ಮಾಡಿದ. ಲೆಕ್ಕದ ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋದ.

2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವೇ ಕಾಯ್ದೆ ತಂದು, ಹಣ ಕಟ್ಟಿ ಆಡುವ ಫೋನಿನ ಆಟಗಳನ್ನು ಕೌಶಲವಾಗಲಿ ಅದೃಷ್ಟವಾಗಲಿ ದೇಶದಾದ್ಯಂತ ನಿಷೇಧಿಸಿತು. ಹೊಳಗುಂದದ ಆಚೆಗೂ ಈಚೆಗೂ ಈಗ ಒಂದೇ ಕಾನೂನು. ಅಷ್ಟರಲ್ಲಿ ನಮ್ಮ ಹುಡುಗ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ತೂಕದ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದ. ಅಡವಿನ ಬಡ್ಡಿ ಕಟ್ಟುತ್ತ, ಅಸಲಿನಲ್ಲೂ ಸ್ವಲ್ಪ ಸ್ವಲ್ಪ ಇಳಿಸುತ್ತ ಎರಡು ಬಳೆ ಬಿಡಿಸಿಕೊಟ್ಟಿದ್ದಾನೆ. ಇನ್ನೆರಡು ಉಳಿದಿವೆ. ಭಾನುವಾರ ಬಂದರೆ ತಾನೇ ಕಟ್ಟಿನಿಂದ ರಾಜ, ರಾಣಿ, ಗುಲಾಮ ಹೆಕ್ಕುತ್ತಾನೆ. ಮೊದಲು ಮಾತಾಡುವ ಸರದಿ ಕೈಗೊಂದು ಸಲ ಬದಲಾಗಬೇಕೆಂದು ಕರಾರು ಹಾಕಿದ್ದಾನೆ, ಅದು ನ್ಯಾಯವೇ. ನೋಟಿನ ಕಟ್ಟನ್ನು ಈಗ ಅವನೂ ತರುತ್ತಾನೆ. ಇಬ್ಬರೂ ನೋಟಿನ ನಂಬರು ನೋಡಿ ಆಡುವುದರಿಂದ ಆಟ ಬಹಳ ಸಪ್ಪೆಯಾಗಿದೆ ಎಂದು ಅಕ್ಕ ಪಕ್ಕದಲ್ಲಿ ಕೂತು ಹತ್ತಿಬೀಜ ಎಣಿಸುತ್ತ ಹೇಳುತ್ತಾಳೆ.